ಮೈಕ್‌ಸೆಟ್ ಮನೆಯವಳ ಸ್ಟುಡಿಯೋ

ಫೋನಿನಲ್ಲಿ ನಮ್ಮ ಕಾರ್ಯಕ್ರಮ ನೋಡುವವರಲ್ಲಿ ಬಹಳ ಜನ ಕೇಳುವುದು ಒಂದೇ ಪ್ರಶ್ನೆ. ಮಾತಾಡುವವರ ಹಿಂದೆ ಕರಿ ಕಂಬಳಿ ಯಾಕೆ ನೇತುಹಾಕಿದ್ದೀರಿ, ಒಂದು ಒಳ್ಳೆಯ ಪರದೆ ಸಿಗಲಿಲ್ಲವೇ ಎಂದು. ಇನ್ನು ಕೆಲವರು ಕಂಬಳಿಗೆ ಅಂಟಿಕೊಂಡ ಹುಲ್ಲಿನ ಎಸಳನ್ನೂ ಗುರುತಿಸಿ ಬರೆಯುತ್ತಾರೆ. ಅಷ್ಟು ಹತ್ತಿರದಿಂದ ನೋಡುವವರು ಎದುರಿಗೆ ಕೂತವರ ಮಾತನ್ನೂ ಅಷ್ಟೇ ಗಮನವಿಟ್ಟು ಕೇಳಿದ್ದರೆ ನನಗೆ ಇನ್ನೂ ಸಂತೋಷವಾಗುತ್ತಿತ್ತು. ಇರಲಿ. ಕಡೂರಿನ ನಮ್ಮ ಮನೆಯ ಹಿಂದಿನ ಕೋಣೆ ಸ್ಟುಡಿಯೋ ಆದದ್ದು ಹೇಗೆ ಎಂದು ಒಮ್ಮೆ ಬರೆದುಬಿಟ್ಟರೆ ಒಬ್ಬೊಬ್ಬರಿಗೂ ಉತ್ತರ ಕೊಡುವುದು ತಪ್ಪುತ್ತದೆ ಎಂದು ಕೂತಿದ್ದೇನೆ. ಆ ಕೋಣೆಯ ಕತೆ ಹೇಳಬೇಕಾದರೆ ಅಪ್ಪನ ಕತೆಯನ್ನೂ ಹೇಳಬೇಕು. ಅಪ್ಪ ಇದುವರೆಗೆ ಒಂದು ಕಂತಿನಲ್ಲೂ ಕಾಣಿಸಿಕೊಂಡಿಲ್ಲ. ಆದರೆ ಕೋಣೆ ಮಾಡಿದ್ದೇ ಅವನಿಗಾಗಿ.

ಅಜ್ಜಂಪುರದಲ್ಲಿ ಅಪ್ಪನದು ಮೈಕ್‌ಸೆಟ್ ಅಂಗಡಿ. ಈಗಿನ ಹುಡುಗರಿಗೆ ಹಾಗೆಂದರೆ ಏನೆಂದು ಬಿಡಿಸಿ ಹೇಳಬೇಕಾಗುತ್ತದೆ. ಮದುವೆ, ನಾಮಕರಣ, ನಾಟಕ, ಹರಿಕಥೆ, ಚುನಾವಣೆಯ ಭಾಷಣ, ಮಠದ ಸ್ವಾಮಿಗಳ ಆಶೀರ್ವಚನ, ಏನೇ ಇರಲಿ, ನಾಲ್ಕು ಜನಕ್ಕೆ ಕೇಳಿಸಬೇಕಾದರೆ ಅಪ್ಪ ಬರಬೇಕಿತ್ತು. ಒಂದು ಆಂಪ್ಲಿಫೈಯರ್ ಪೆಟ್ಟಿಗೆ, ಎರಡು ಹಾರನ್ನು, ಮೈಕು, ಸುರುಳಿ ಸುರುಳಿ ವೈರು, ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ. ಎಲ್ಲವನ್ನೂ ಎತ್ತಿನ ಗಾಡಿಗೋ ಬಸ್ಸಿನ ಟಾಪಿಗೋ ಹಾಕಿಕೊಂಡು ಹೊರಡುತ್ತಿದ್ದ. ಶಾಲೆಗೆ ರಜೆ ಇದ್ದರೆ ನಾನೂ ಹಿಂದೆ ಬೀಳುತ್ತಿದ್ದೆ. ಅಂಗೈಯಿಂದ ಮೊಣಕೈಗೆ ವೈರು ಸುತ್ತುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು, "ಹೆಣ್ಣುಡ್ಗೀನ ವೈರು ಸುತ್ತಾಕೆ ಕರ್ಕಂಡು ಹೋಗ್ತೀರಲ್ಲ, ನಾಳೆ ಇವಳ್ನ ಯಾರು ಮಾಡ್ಕಂತಾರೆ?" ಎಂದು ರೇಗುತ್ತಿದ್ದಳು.

"ಇನ್ನೊಬ್ಬ ಮೈಕ್‌ಸೆಟ್ನೋನು ಮಾಡ್ಕಂತಾನೆ ಬಿಡು" ಎಂದು ಅಪ್ಪ ನಗುತ್ತಿದ್ದ. ಕಡೆಗೆ ನನ್ನನ್ನು ಮಾಡಿಕೊಂಡವರು ಕಡೂರಿನ ಒಬ್ಬ ಬ್ಯಾಂಕ್ ನೌಕರರು. ಫ್ಯೂಸ್ ಹೋದರೆ ಇವತ್ತಿಗೂ ನನ್ನ ಮುಖ ನೋಡುತ್ತಾರೆ.

ಅಪ್ಪನಿಗೆ ಅವನದೇ ಕಟ್ಟುಪಾಡುಗಳಿದ್ದವು. ಮದುವೆಮನೆಯಲ್ಲಿ ಹಾರನ್ನು ಕಟ್ಟುವ ಮೊದಲು, "ಬೀಗ್ರು ಯಾವ ಕಡೆಯಿಂದ ಬತ್ತಾರೆ?" ಎಂದು ವಿಚಾರಿಸುತ್ತಿದ್ದ. ದಿಬ್ಬಣ ಸಿಂಗಟಗೆರೆ ಕಡೆಯಿಂದ ಬರುವುದಾದರೆ ಹಾರನ್ನಿನ ಬಾಯಿ ಆ ದಿಕ್ಕಿಗೇ ತಿರುಗಬೇಕು. ದಾರಿಯಲ್ಲಿ ಗಾಡಿಯಲ್ಲಿ ಕೂತವರಿಗೆ ಹಾಡು ಕೇಳಿಸತೊಡಗಿದರೆ, ನಮ್ಮನ್ನು ಕಾಯುತ್ತಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ ಎನ್ನುವುದು ಅವನ ಲೆಕ್ಕ. ತೆಂಗಿನ ಮರ ಹತ್ತಿ ಹಾರನ್ನು ಕಟ್ಟಿ, ಇಳಿದು ಬಂದು ಹಾಡಿನ ಪ್ಲೇಟು ಹಾಕಿ, ನನ್ನನ್ನು ಆಂಪ್ಲಿಫೈಯರಿನ ಪಕ್ಕ ಕಾವಲಿಗೆ ಕೂರಿಸಿ, ತಾನು ಸೈಕಲ್ ಹತ್ತಿ ಊರಾಚೆ ಹೋಗುತ್ತಿದ್ದ. ಕೆರೆ ಏರಿ ದಾಟಿದ ಮೇಲೂ ಹಾಡು ಬರುತ್ತದೆಯೇ ಎಂದು ನೋಡಿಕೊಂಡು ಬಂದರೇ ಅವನಿಗೆ ಸಮಾಧಾನ. ಚೌಳಹಿರಿಯೂರಿನ ಒಂದು ಮದುವೆಯಲ್ಲಿ ಹಾಗೆ ಹೋದವನು ಎಷ್ಟು ಹೊತ್ತಾದರೂ ಬರಲೇ ಇಲ್ಲ. ಕಡೆಗೆ ದಿಬ್ಬಣದ ಗಾಡಿಯಲ್ಲೇ ಸೈಕಲ್ಲನ್ನೂ ಹಾಕಿಕೊಂಡು, ಮದುವೆ ಗಂಡಿನ ಪಕ್ಕ ಕೂತು ಬಂದ. ಟೈರು ಪಂಕ್ಚರ್ ಆಗಿತ್ತಂತೆ. ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸರು ಮೊದಲು ಇಳಿದ ಅಪ್ಪನಿಗೇ ಆರತಿ ಎತ್ತಲು ಹೋದರು, ಇಡೀ ಚಪ್ಪರ ಬಿದ್ದು ಬಿದ್ದು ನಕ್ಕಿತು. ಅವ್ವನಿಗೆ ಇದನ್ನು ಹೇಳಿದ್ದು ನಾನೇ. ಅವಳು ವರ್ಷಗಟ್ಟಲೆ "ಎರಡನೇ ಮದುವೆ ಗಂಡು" ಎಂದು ಅವನನ್ನು ಕಾಡಿದಳು.

ಇನ್ನೊಂದು ಕಟ್ಟುಪಾಡೆಂದರೆ, ಮೈಕ್‌ಸೆಟ್ಟಿನವನು ಮೈಕಿನಲ್ಲಿ ಮಾತಾಡಕೂಡದು. "ಹಲೋ ಹಲೋ, ಮೈಕ್ ಟೆಸ್ಟಿಂಗ್" ಎಂದು ಎರಡು ಸಲ ಊದಿ ನೋಡಿದನೋ, ಅಲ್ಲಿಗೆ ಅವನ ಪಾಲಿನ ಮಾತು ಮುಗಿಯಿತು. ಆಮೇಲೆ ಪೆಟ್ಟಿಗೆಯ ಪಕ್ಕ ಹೋಗಿ ಕೂತರೆ ಕಾರ್ಯಕ್ರಮ ಮುಗಿಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಎಷ್ಟೋ ಸಲ ಊರ ಹಿರಿಯರು, "ನೀನೂ ಎಲ್ಡು ಮಾತಾಡಪ್ಪ, ಇಷ್ಟು ಜನದ ಭಾಷಣ ಕೇಳಿದೀಯ" ಎಂದು ಒತ್ತಾಯ ಮಾಡಿದ್ದುಂಟು. "ಬಡಿಸೋನು ಪಂಕ್ತೀಲಿ ಕೂತ್ಕಬಾರ್ದು ಕಣ್ರೀ" ಎಂದು ಕೈ ಮುಗಿದು ಜಾರಿಕೊಳ್ಳುತ್ತಿದ್ದ. ನನಗೆ ಆಗ ಸಿಟ್ಟು ಬರುತ್ತಿತ್ತು. ಬಾಯಿಗೆ ಬಂದದ್ದು ಒದರುವವರೆಲ್ಲ ಅಪ್ಪನ ಮೈಕು ಹಿಡಿದು ದೊಡ್ಡವರಾದರು, ಅಪ್ಪ ಮಾತ್ರ ಪೆಟ್ಟಿಗೆಯ ಪಕ್ಕವೇ ಉಳಿದ ಎಂದು.

ಹಾರನ್ನಿನ ಕೆಳಗೇ ಬದುಕು ಕಳೆದವನ ಕಿವಿ ಎಷ್ಟು ದಿನ ತಾನೇ ತಡೆದೀತು? ಮೊದಲು ಹಿಂದಿನಿಂದ ಕರೆದರೆ ಕೇಳಿಸದಾಯಿತು. ಆಮೇಲೆ ಪಕ್ಕದಲ್ಲಿ ಕೂತು ಹೇಳಿದರೂ ಅಷ್ಟಕ್ಕಷ್ಟೇ. ಅಷ್ಟು ಹೊತ್ತಿಗೆ ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆಗಳ ಕಾಲ ಬಂದು ಅಂಗಡಿಯನ್ನೂ ಮುಚ್ಚಬೇಕಾಯಿತು. ಅವ್ವ ಇರುವಷ್ಟು ದಿನ ಅವನಿಗೆ ಕಿವಿಯ ಚಿಂತೆ ಇರಲಿಲ್ಲ. ಬಂದವರು ಹೇಳಿದ್ದನ್ನು ಅವಳು ಅವನ ಬಲಗಿವಿಯ ಹತ್ತಿರ ಬಾಗಿ ಮತ್ತೊಮ್ಮೆ ಹೇಳುತ್ತಿದ್ದಳು. ಅವಳು ಜೋರಾಗಿ ಕೂಗುತ್ತಲೂ ಇರಲಿಲ್ಲ. ಅದು ಹೇಗೋ ಅವಳ ಮಾತು ಅವನಿಗೆ ತಲುಪುತ್ತಿತ್ತು. ಅವ್ವ ಕಾಯಿಲೆ ಬಿದ್ದು, ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಅಪ್ಪನನ್ನು ನಾವು ಕಡೂರಿಗೆ ಕರೆದುಕೊಂಡು ಬಂದೆವು. ಬರುವಾಗ ಬಟ್ಟೆಯ ಗಂಟಿನ ಜೊತೆ ಹಳೆಯ ಆಂಪ್ಲಿಫೈಯರನ್ನೂ ಒಂದು ಹಾರನ್ನನ್ನೂ ಹೊತ್ತು ತಂದು ಮಂಚದ ಕೆಳಗೆ ಇಟ್ಟುಕೊಂಡ. ಮಾತು ಮಾತ್ರ ತರಲಿಲ್ಲ.

ಮಾತು ಕೇಳಿಸದವನಿಗೆ ಆಡುವುದೂ ಬೇಡವಾಗುತ್ತದೆ ಎಂದು ನನಗೆ ಆಗ ಅರ್ಥವಾಯಿತು. ಊಟಕ್ಕೆ ಕರೆದರೆ ಬರುತ್ತಿದ್ದ, ಔಷಧಿ ಕೊಟ್ಟರೆ ನುಂಗುತ್ತಿದ್ದ, ಏನು ಹೇಳಿದರೂ ತಲೆಯಾಡಿಸಿ ಜಗಲಿಯ ಮೇಲೆ ಹೋಗಿ ಕೂರುತ್ತಿದ್ದ. ಕಿವಿಗೆ ಹಾಕಿಕೊಳ್ಳುವ ಮೆಷಿನ್ ಕೊಡಿಸಿದೆವು. ಒಂದು ವಾರ ಹಾಕಿಕೊಂಡು ತೆಗೆದಿಟ್ಟ. "ಇದ್ರಾಗೆ ತಟ್ಟೆ ಲೋಟದ ಸದ್ದು ಕೇಳಿಸ್ತೈತೆ, ಲಾರಿ ಸದ್ದು ಕೇಳಿಸ್ತೈತೆ, ಮಾತೊಂದು ಬಿಟ್ಟು" ಅಂದ. ಚೀಟಿಯಲ್ಲಿ ಬರೆದು ತೋರಿಸಿದರೆ ಓದುತ್ತಿದ್ದ, ಆದರೆ ಚೀಟಿಯಲ್ಲಿ ಎಷ್ಟು ಬರೆಯುವುದು? "ಸ್ನಾನಕ್ಕೆ ನೀರು ಕಾದಿದೆ" ಎಂದು ಬರೆಯಬಹುದು. ಮನಸ್ಸಿನಲ್ಲಿ ಏನಿದೆ ಎಂದು ಬರೆದು ಕೇಳಲು ಆಗುತ್ತದೆಯೇ? ಅವನ ಎದೆಯಲ್ಲಿ ಏನೋ ಕೂತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಅವ್ವನ ನೆನಪಿರಬೇಕು ಅಂದುಕೊಂಡು ಸುಮ್ಮನಿದ್ದೆ.

ಹೈಸ್ಕೂಲು ಟೀಚರ್ ಕೆಲಸದಿಂದ ನಾನು ನಿವೃತ್ತಳಾದ ಮೇಲೆ ಒಂದು ದಿನ ಹಳೆಯ ಪೆಟ್ಟಿಗೆ ಜಾಲಾಡುತ್ತಿದ್ದೆ. ಅಪ್ಪನ ಕಾಲದ ಕ್ಯಾಸೆಟ್‌ಗಳು ಸಿಕ್ಕವು. ಯಾರದೋ ಭಾಷಣ, ಯಾರದೋ ಮದುವೆಯ ಮಂಗಳವಾದ್ಯ, ಎಂದೋ ಸತ್ತುಹೋದ ಯಾರೋ ಭಾಗವತರ ಕೆಮ್ಮು. ಒಂದೊಂದಾಗಿ ಹಾಕಿ ಕೇಳಿದೆ. ಸುತ್ತಣ ಊರುಗಳ ದನಿಯೆಲ್ಲ ಅಲ್ಲಿತ್ತು, ಅವ್ವನದು ಮಾತ್ರ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ. ತುಂಬ ಮೈಕುಗಳಿದ್ದ ಮನೆಯಲ್ಲಿ ಅವಳ ಒಂದು ಬೈಗುಳವೂ ಉಳಿದಿಲ್ಲ. ಅವತ್ತು ಬಹಳ ಅತ್ತೆ. ಅತ್ತು ಮುಗಿದ ಮೇಲೆ ಜಗಲಿಗೆ ಹೋಗಿ ಅಪ್ಪನ ಮುಖ ನೋಡಿದೆ. ಇವನ ದನಿಯನ್ನಾದರೂ ಉಳಿಸಿಕೊಳ್ಳಬೇಕು, ಇವನ ಬಾಯಿ ಬಿಡಿಸಬೇಕು ಎಂದು ಹಟ ಬಂತು.

ಆನ್‌ಲೈನ್ ಕಾರ್ಯಕ್ರಮದ ಯೋಚನೆ ಹುಟ್ಟಿದ್ದು ಹಾಗೆ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಕಡೆಯ ಜನ ತಾವು ಮಾಡಿದ ಕೆಲಸದ ಬಗ್ಗೆ ತಾವೇ ಕೂತು ಹೇಳಬೇಕು, ನಾನು ಕೇಳಬೇಕು, ಅಷ್ಟೇ. ಮೊದಲನೆಯವನು ಅಪ್ಪ. ನಮ್ಮ ಮನೆಯವರಿಗೆ ಹೇಳಿದಾಗ, "ಕೇಳಿಸದೇ ಇರೋರ್ನ ಕೂರಿಸ್ಕಂಡು ಏನು ಪ್ರಶ್ನೆ ಕೇಳ್ತೀಯೇ?" ಎಂದರು. ಪ್ರಶ್ನೆಯನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಹಿಡಿಯುತ್ತೇನೆ, ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ ಇದು ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಮದುವೆಯಾದಾಗಿನಿಂದ ಅವರು ಕಲಿತ ದೊಡ್ಡ ವಿದ್ಯೆ ಅದು.

ಹಿಂದಿನ ಕೋಣೆಯಲ್ಲಿ ತೆಂಗಿನಕಾಯಿ, ರಾಗಿ ಮೂಟೆ, ಮುರಿದ ಕುರ್ಚಿ ತುಂಬಿದ್ದವು. ಎಲ್ಲವನ್ನೂ ಸಾಗಿಸಿ ಸುಣ್ಣ ಬಳಿಸಿದೆ. ಫೋನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಬಳೆಯಂಥ ದುಂಡನೆಯ ಲೈಟು, ಒಂದು ಒಳ್ಳೆಯ ಮೈಕು, ಮೈಕಿನ ವೈರು ಬಂದು ಸೇರುವ ಪುಟ್ಟ ಪೆಟ್ಟಿಗೆ, ಕಿವಿಯ ಮೇಲೆ ಕೂರುವ ದಪ್ಪನೆಯ ಹೆಡ್‌ಫೋನು, ಎಲ್ಲ ತರಿಸಿದೆ. ಲೈಟು ಸರಿಯಾಗಿದೆಯೋ ನೋಡಲು ನಮ್ಮ ಮನೆಯವರನ್ನು ಕುರ್ಚಿಯಲ್ಲಿ ಕೂರಿಸಿದರೆ ಅವರ ಬೋಳುತಲೆಯ ಮೇಲೆ ಇನ್ನೊಂದು ದುಂಡು ಲೈಟು ಕಾಣಿಸಿತು. ಟೋಪಿ ಹಾಕಿಕೊಳ್ಳಿ ಎಂದರೆ ಮುನಿಸಿಕೊಂಡರು.

ಸದ್ದಿನದೇ ದೊಡ್ಡ ಗೋಳು. ಕಡೂರಿನಲ್ಲಿ ಮನೆ ಕಟ್ಟಿದವನು ಸೈಟಿನ ಜೊತೆಗೇ ರೈಲಿನ ಸದ್ದನ್ನೂ ಕೊಂಡಿರುತ್ತಾನೆ. ಅದರ ಮೇಲೆ ಎದುರುಮನೆಯಾಕೆಯ ಮಿಕ್ಸಿ. ಆಕೆ ಚಟ್ನಿಯನ್ನೇ ಉಸಿರಾಡುತ್ತಾಳೋ ಏನೋ, ಯಾವ ಹೊತ್ತಿನಲ್ಲೂ ಅದು ತಿರುಗುತ್ತಲೇ ಇರುತ್ತದೆ. ಖಾಲಿ ಕೋಣೆಯಲ್ಲಿ ನನ್ನ ದನಿಯಂತೂ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತಿತ್ತು. ಗೋಡೆಗೆ ಮೊಟ್ಟೆ ಇಡುವ ಟ್ರೇ ಬಡಿದರೆ ಸರಿಹೋಗುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ಒಬ್ಬ ಹೇಳಿದ. ನಾನು ಹಿಂದೆ ಮುಂದೆ ನೋಡದೆ ಸಂತೆ ಬೀದಿಯ ಅಂಗಡಿಯಿಂದ ಒಂದು ಆಟೋ ತುಂಬ ಖಾಲಿ ಟ್ರೇ ಹೇರಿಕೊಂಡು ಬಂದೆ. ಲಿಂಗ ಕಟ್ಟಿಕೊಂಡ ಮನೆ ನಮ್ಮದು. ಆಟೋ ಬೀದಿಗೆ ತಿರುಗಿದ್ದೇ ತಡ, ಒಂದೊಂದು ಕಿಟಕಿಯೂ ತೆರೆಯಿತು. ಮಧ್ಯಾಹ್ನದೊಳಗೆ ನಾದಿನಿ ತರೀಕೆರೆಯಿಂದ ಫೋನು ಮಾಡಿ, "ಅತ್ಗೇ, ಡಾಕ್ಟ್ರು ಏನಾರ ತಿನ್ನಾಕೆ ಹೇಳಿದಾರಾ?" ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದಳು. ಅಪ್ಪ ಟ್ರೇಗಳನ್ನು ನೋಡಿದ, ನನ್ನನ್ನು ನೋಡಿದ. ಅವನು ಬಾಯಿ ಬಿಟ್ಟು ತಿಂಗಳೇ ಆಗಿತ್ತೇನೋ. "ಇಷ್ಟು ಜನಕ್ಕೆ ಮೊಟ್ಟೆನಾ? ಯಾರ್ದವ್ವ ಮದುವೆ?" ಎಂದ.

ಟ್ರೇಗಳು ಅವತ್ತೇ ವಾಪಸ್ಸು ಹೋದವು. ಕಂಬಳಿ ಬಂದದ್ದು ಆಗ. ಬೀರೂರಿನ ಕಡೆ ಕುರಿ ಸಾಕುವವರೊಬ್ಬರ ಮನೆಯಲ್ಲಿ ದಪ್ಪನೆಯ ಕರಿ ಕಂಬಳಿಗಳು ಸಿಕ್ಕವು. ಗೋಡೆಗೆಲ್ಲ ಇಳಿಬಿಟ್ಟೆ. ಬಾಗಿಲಿನ ಸಂದಿಗೆ ಗೋಣಿಚೀಲ ತುರುಕಿದೆ. ಬಾಗಿಲು ಹಾಕಿ ನಿಂತರೆ ಕುರಿ ವಾಸನೆ ಗಮ್ಮೆನ್ನುತ್ತಿತ್ತು, ಆದರೆ ಮಿಕ್ಸಿಯೂ ಇಲ್ಲ, ಲಾರಿಯೂ ಇಲ್ಲ. ರೈಲು ಬಂದಾಗ ಮಾತ್ರ ನೆಲ ಸ್ವಲ್ಪ ಅದುರುತ್ತಿತ್ತು. ಅಷ್ಟು ನಿಶ್ಶಬ್ದವನ್ನು ನಾನು ನಮ್ಮ ಮನೆಯಲ್ಲಿ ಯಾವತ್ತೂ ಕಂಡಿರಲಿಲ್ಲ.

ಅಪ್ಪ ಒಳಗೆ ಬಂದು ಸುತ್ತ ಕಣ್ಣಾಡಿಸಿದ. ಮೈಕನ್ನು ಮುಟ್ಟಿ ನೋಡಿದ, ವೈರನ್ನು ಹಿಡಿದು ಪೆಟ್ಟಿಗೆಯವರೆಗೂ ಹೋದ. ಅಲ್ಲಿಂದ ಮುಂದೆ ಏನೂ ಇಲ್ಲವೆಂದು ಕಂಡಾಗ ಗಾಬರಿಯಾದ. "ಹಾರನ್ ಎಲ್ಲೈತೆ?" ಎಂದ. ಬೇಡ ಎಂದು ಕೈ ಆಡಿಸಿದೆ. "ಹಾರನ್ ಇಲ್ದೆ ಮಾತಾಡಿದ್ರೆ ಯಾರಿಗವ್ವ ಕೇಳಿಸ್ತೈತೆ?" ಎಂದ. ಫೋನು ತೋರಿಸಿ, ಇದರೊಳಗೆ ಹೋಗುತ್ತದೆ ಎಂದು ಸನ್ನೆ ಮಾಡಿದೆ. ಅವನ ಮುಖದಲ್ಲಿ ಮರುಕ ಕಾಣಿಸಿತು. ಮಗಳಿಗೆ ಯಾರೋ ಅರ್ಧ ಸಾಮಾನು ಕೊಟ್ಟು ಟೋಪಿ ಹಾಕಿದ್ದಾರೆ ಅನ್ನುವ ಮರುಕ.

ಅದಾದ ಎರಡು ದಿನಕ್ಕೆ ನಾನು ಬಾಗಿಲು ಹಾಕಿಕೊಂಡು ಆರಂಭದ ಮಾತುಗಳನ್ನು ಅಭ್ಯಾಸ ಮಾಡುತ್ತಿದ್ದೆ. "ಎಲ್ಲರಿಗೂ ನಮಸ್ಕಾರ" ಎನ್ನುವುದು, ತಡವರಿಸುವುದು, ನನ್ನನ್ನು ನಾನೇ ಬೈದುಕೊಳ್ಳುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ತಪ್ಪಿದಾಗಲೆಲ್ಲ ಒಳಗೆ ಕೇಳಿಸದೇ ಇದ್ದ ಎದುರುಮನೆಯಾಕೆಯ ಮಿಕ್ಸಿಯನ್ನು ಬೈದೆ, ಆಕೆಯ ಚಟ್ನಿಯನ್ನು ಬೈದೆ, ಆ ಚಟ್ನಿಯನ್ನು ದಿನಾ ತಿನ್ನುವ ಆಕೆಯ ಗಂಡನ ಹೊಟ್ಟೆಗೆ ಮರುಗಿದೆ. ನಡುವೆ ನನಗೆ ಫೋನು ಮಾಡಿದ ನಮ್ಮ ಮನೆಯವರಿಗೂ ನಾಲ್ಕು ಮಾತು ಬಿದ್ದವು. ಅಷ್ಟರಲ್ಲಿ ಬಾಗಿಲು ತಟ್ಟಿದ ಹಾಗಾಯಿತು. ತೆರೆದರೆ ಎದುರುಮನೆಯಾಕೆ.

"ಟೀಚರೇ, ಮಿಕ್ಸಿ ನಿಲ್ಸಿದೀನಿ. ಈಗ ಸಲೀಸಾಗಿ ಮಾತಾಡಿ. ಇನ್ನ ನಮ್ಮೋರ ಹೊಟ್ಟೆ, ಅದು ಚೆನ್ನಾಗೇ ಐತೆ" ಎಂದು ಹೇಳಿ ತಿರುಗಿ ನಡೆದಳು.

ಓಡಿ ಹೊರಗೆ ಬಂದು ತಲೆಯೆತ್ತಿದೆ. ಟೆರೇಸಿನ ಕಂಬಿಗೆ ಅಪ್ಪನ ಹಾರನ್ನು ಕಟ್ಟಿತ್ತು, ಬಾಯಿ ಸ್ಟೇಷನ್ ರಸ್ತೆಯ ಕಡೆಗೆ. ನಾನು ಅಡುಗೆಮನೆಯಲ್ಲಿದ್ದ ಹೊತ್ತು ನೋಡಿಕೊಂಡು, ಮೈಕಿನ ಪುಟ್ಟ ಪೆಟ್ಟಿಗೆಯ ಹಿಂದಿನ ತೂತಿಗೆ ಪಿನ್ನು ಸಿಕ್ಕಿಸಿ, ಕಿಟಕಿಯಿಂದ ವೈರು ಎಳೆದು, ಮಂಚದ ಕೆಳಗಿನ ಆಂಪ್ಲಿಫೈಯರಿಗೆ ಜೋಡಿಸಿದ್ದ. ಕಂಬಳಿಯೊಳಗೆ ಹೂತುಕೊಂಡು ಕೂತಿದ್ದ ನನಗೆ ಹೊರಗಿನದು ಕೇಳಿಸದಂತೆ ನಾನೇ ಏರ್ಪಾಟು ಮಾಡಿಕೊಂಡಿದ್ದೆನಲ್ಲ. ಅಪ್ಪ ಬೀದಿಯ ಕೊನೆಯಲ್ಲಿ ನಿಂತು, ಕಿವಿಗೆ ಅಂಗೈ ಹಿಡಿದು, ಹೋಗಿ ಬರುವವರನ್ನೆಲ್ಲ ನಿಲ್ಲಿಸಿ "ಕೇಳಿಸ್ತೈತಾ?" ಎಂದು ವಿಚಾರಿಸುತ್ತಿದ್ದ. ಅವರಿಗೆ ಕೇಳಿಸುತ್ತಿತ್ತು, ಬಹಳ ಚೆನ್ನಾಗಿ.

ನಾನು ಬೀದಿಯಲ್ಲೇ ಅವನಿಗೆ ಬೈದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅವನು ನನ್ನ ಬಾಯಿಯ ಅಲುಗಾಟವನ್ನು ನೋಡಿ, ಹೊಗಳುತ್ತಿದ್ದೇನೆ ಅಂದುಕೊಂಡನೋ ಏನೋ, ಮುಖ ಅರಳಿಸಿಕೊಂಡು ಬಂದು, "ಸ್ಟೇಷನ್ ರೋಡಿಗಂಟ ಕೇಳಿಸ್ತಂತೆ ಕಣವ್ವ! ಹಾಲಿನಂಗಡಿಯೋನು ಹೇಳ್ದ" ಎಂದ. ಅವ್ವ ಹೋದ ಮೇಲೆ ಅಷ್ಟು ಖುಷಿಯಾಗಿ ಅವನನ್ನು ನೋಡಿರಲಿಲ್ಲ. ಸಿಟ್ಟು ಅಲ್ಲೇ ಇಳಿದುಹೋಯಿತು. ಎದುರುಮನೆಯಾಕೆಗೆ ಹೋಳಿಗೆ ಮಾಡಿಕೊಂಡು ಹೋಗಿ ಕೊಟ್ಟು ರಾಜಿ ಮಾಡಿಕೊಂಡೆ. ಹಾರನ್ನು ಮತ್ತೆ ಮಂಚದ ಕೆಳಗೆ ಸೇರಿತು.

ಅಪ್ಪನ ಮಾತನ್ನು ಹಿಡಿಯುವ ದಿನ ಬಂತು. ಒಂದು ಮಧ್ಯಾಹ್ನ, ಎರಡು ರೈಲುಗಳ ನಡುವೆ ಬಿಡುವಿರುವ ಹೊತ್ತು ನೋಡಿ, ಅಪ್ಪನಿಗೆ ಇಸ್ತ್ರಿ ಮಾಡಿದ ಜುಬ್ಬ ಹಾಕಿಸಿ ಕಂಬಳಿಯ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ನಮ್ಮ ಮನೆಯವರು ಫೋನಿನ ಹಿಂದೆ ನಿಂತರು. ನಾನು ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ, ಪ್ರಶ್ನೆ ಬರೆದ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು. ಶುರು ಮಾಡು ಎಂದು ಕೈ ತೋರಿಸಿದೆ. ಅಪ್ಪ ಗಂಟಲು ಸರಿಮಾಡಿಕೊಂಡ. ಮೈಕಿನ ತಲೆಯನ್ನು ಬೆರಳಿನಿಂದ ಎರಡು ಸಲ ತಟ್ಟಿದ. "ಹಲೋ… ಹಲೋ… ಮೈಕ್ ಟೆಸ್ಟಿಂಗ್… ಹಲೋ" ಎಂದ. ತುಂಬು ದನಿ, ಹಳೆಯ ಮದುವೆಮನೆಗಳ ದನಿ. ಮುಂದಿನ ಮಾತಿಗೆ ಕಾದೆ. ಅಪ್ಪ ಎದ್ದ. ವೈರು ತುಳಿಯದಂತೆ ಕಾಲು ಎತ್ತಿಟ್ಟು ನನ್ನ ಕಡೆಗೆ ಬಂದು, "ಸರಿಯಾಗೈತೆ. ಕರೀರಿ ಅವರ್ನ" ಎಂದ.

"ಯಾರ್ನ?" ಎಂದು ನಮ್ಮ ಮನೆಯವರು ಕೈ ತಿರುಗಿಸಿದರು.

"ಮಾತಾಡೋರ್ನ."

ನಾನು ಹಾಳೆಯ ಮೇಲೆ "ಮಾತಾಡೋನು ನೀನೇ ಅಪ್ಪ" ಎಂದು ಬರೆದು ಹಿಡಿದೆ. ಓದಿ ಕೈಯಾಡಿಸಿದ. "ನಂಗೇನು ಮಾತು ಬತ್ತದೆ? ನೀನು ಓದಿದೋಳು, ನೀನು ಹೋಗಿ ಮಾತಾಡು. ನಾನಿಲ್ಲಿ ನೋಡ್ಕಂತೀನಿ" ಎಂದು ನನ್ನನ್ನು ಎಬ್ಬಿಸಿ, ಸ್ಟೂಲನ್ನು ತನ್ನ ಕಡೆಗೆ ಎಳೆದುಕೊಂಡು ಕೂತೇಬಿಟ್ಟ. ತೊಡೆಯ ಮೇಲಿನ ಹಾಳೆಗಳು ನೆಲಕ್ಕೆ ಬಿದ್ದವು. ಇಷ್ಟು ದಿನ ಪಟ್ಟ ಪಾಡೆಲ್ಲ ಕಣ್ಣ ಮುಂದೆ ಬಂದು ನನಗೆ ಅಳುವೇ ಬಂದಿತು. ಹೋಗಿ ಅತಿಥಿಯ ಕುರ್ಚಿಯಲ್ಲಿ ಕುಕ್ಕರಿಸಿದೆ. ಅಪ್ಪನ ಸಮಾಧಾನಕ್ಕೆ ಇರಲಿ ಎಂದು ನಮ್ಮ ಮನೆಯವರು ಹೆಡ್‌ಫೋನನ್ನು ತೆಗೆದು ಅವನ ತಲೆಗೆ ಹಾಕಿದರು. ಅವನು ಅಭ್ಯಾಸಬಲದಿಂದ ಪೆಟ್ಟಿಗೆಯ ಗುಂಡಿಗಳನ್ನು ಒಂದೊಂದಾಗಿ ಕೊನೆಯವರೆಗೂ ತಿರುಗಿಸಿದ.

"ಯಾಕಾದ್ರೂ ಮಾಡ್ದೆನೋ ಈ ಸ್ಟುಡಿಯೋನ" ಎಂದು ನಾನು ಗೊಣಗಿಕೊಂಡೆ.

"ಯಾಕವ್ವ ಹಂಗಂತೀಯ? ಚೆನ್ನಾಗೇ ಐತಲ್ಲ" ಎಂದ ಅಪ್ಪ.

ನಾನೂ ನಮ್ಮ ಮನೆಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಆಡಿದ್ದು ಪಿಸುಮಾತು. ಕೂಗಿದರೂ ಕೇಳಿಸದವನು ಪಿಸುಮಾತಿಗೆ ಉತ್ತರ ಕೊಟ್ಟಿದ್ದ. ಬೇರೆ ಸದ್ದೇ ಇಲ್ಲದ ಕೋಣೆ, ನನ್ನ ಬಾಯಿಯ ಮುಂದೆ ಮೈಕು, ಅವನ ಎರಡೂ ಕಿವಿಯನ್ನು ಮುಚ್ಚಿದ ಹೆಡ್‌ಫೋನು, ಕೊನೆಯವರೆಗೂ ತಿರುಗಿಸಿದ ಗುಂಡಿ. ತಟ್ಟೆ ಲೋಟ, ಲಾರಿ ಯಾವುದೂ ಅಡ್ಡ ಬಾರದೆ ಬರೀ ಮಾತು ಅವನಿಗೆ ಹೋಗಿತ್ತು.

"ಅಪ್ಪ, ಕೇಳಿಸ್ತೈತಾ?" ಎಂದು ಕೂಗಿಬಿಟ್ಟೆ.

"ಕಿರುಚ್ಬೇಡ, ಒಡೀತೈತೆ. ಮೈಕಿಂದ ಸ್ವಲ್ಪ ದೂರ ಕೂತ್ಕ" ಎಂದ. ಆಮೇಲೆ ತನಗೂ ಗೊತ್ತಾಗಿರಬೇಕು. ಎರಡೂ ಕೈಯಿಂದ ಹೆಡ್‌ಫೋನನ್ನು ಒತ್ತಿ ಹಿಡಿದು ನನ್ನನ್ನೇ ನೋಡಿದ. "ಇನ್ನೊಂದೀಟು ಮಾತಾಡು" ಎಂದ.

ಏನು ಮಾತಾಡಲಿ? ಊಟವಾಯ್ತಾ ಎಂದೆ, ಆಯ್ತು ಅಂದ. ಮುದ್ದೆ ಗಟ್ಟಿಯಾಗಿತ್ತಾ ಎಂದೆ, ಒಂಚೂರು ಗಟ್ಟಿ ಅಂದ. ಇಬ್ಬರೂ ನಕ್ಕೆವು. ಚೌಳಹಿರಿಯೂರಿನ ದಿಬ್ಬಣ ನೆನಪಿದೆಯಾ ಎಂದರೆ, "ಆ ಟೈರು ಮೊದ್ಲೇ ಸವೆದಿತ್ತು ಕಣವ್ವ" ಎಂದು ಸಮಜಾಯಿಷಿ ಕೊಟ್ಟ. ನಮ್ಮ ಮನೆಯವರು ಫೋನನ್ನು ಹಾಗೇ ಬಿಟ್ಟು, ಬೆರಳ ತುದಿಯಲ್ಲಿ ನಡೆದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಆ ಮನುಷ್ಯನ ಮೇಲೆ ಅವತ್ತು ನನಗೆ ಬಹಳ ಪ್ರೀತಿ ಬಂತು. ಇನ್ನು ಅಪ್ಪ ಮಾತಾಡುತ್ತಾನೆ, ಒಂದೊಂದೇ ಮದುವೆಯನ್ನು ಕೇಳಿ ಹೇಳಿಸಿಕೊಳ್ಳಬಹುದು ಎಂದು ನೆಲದ ಮೇಲಿನ ಹಾಳೆಗಳನ್ನು ಎತ್ತಿಕೊಳ್ಳಲು ಬಾಗಿದೆ.

"ನಿನ್ನ ಒಂದು ಮಾತು ಕೇಳ್ಬೇಕು" ಎಂದ ಅಪ್ಪ. ಗುಂಡಿಯ ಮೇಲೆ ಅವನ ಬೆರಳು ಹಾಗೇ ಇತ್ತು. "ಶಿವಮೊಗ್ಗದ ಆಸ್ಪತ್ರೇಲಿ, ಆ ಕಡೇ ಸಂಜೆ, ನಿಮ್ಮವ್ವ ನನ್ ಕೈ ಹಿಡ್ಕಂಡು ಏನೋ ಅಂದ್ಲು. ನೀನು ಅಲ್ಲೇ ಕೂತು ಕಿತ್ತಳೆಹಣ್ಣು ಸುಲೀತಿದ್ದೆ. ಏನಂದ್ಲು?"

ಹಾಳೆ ಎತ್ತುವುದನ್ನು ಬಿಟ್ಟು ನೆಟ್ಟಗಾದೆ. "ನಿಂಗೆ ಕೇಳಿಸ್ಲಿಲ್ವಾ ಅಪ್ಪ?"

"ಇಲ್ಲ. ಅವಳಿಗೆ ದನಿ ಇರ್ಲಿಲ್ಲ, ನಂಗೆ ಕಿವಿ ಇರ್ಲಿಲ್ಲ. ಆ ಸ್ಥಿತೀಲಿ ಇನ್ನೊಂದ್ಸಲ ಹೇಳು ಅನ್ನಾಕೆ ಮನಸ್ಸು ಬರ್ಲಿಲ್ಲ. ಹೂಂ ಅಂದ್ಬಿಟ್ಟೆ." ಹೆಡ್‌ಫೋನನ್ನು ಸರಿಮಾಡಿಕೊಂಡ. "ಬೆಳಗಾಗೋದ್ರೊಳಗೆ ಹೋಗ್ಬಿಟ್ಲು. ಏನಾರ ಕೇಳ್ಕಂಡ್ಲೇನೋ, ನಾನು ಹೂಂ ಅಂದು ಮಾಡ್ದೆ ಬಿಟ್ಟೆನೇನೋ ಅಂತ ಅವತ್ನಿಂದ ಕೊರೀತೈತೆ. ಚೀಟೀಲಿ ಬರೆಸ್ಕಂಡು ಓದಾಕೆ ಧೈರ್ಯ ಬರ್ಲಿಲ್ಲ. ನೀನು ಕೂಗಿ ಹೇಳಿದ್ರೆ ಬೀದಿಗೆಲ್ಲ ಕೇಳಿಸ್ತೈತೆ. ಅದು ಬೀದಿಗೆ ಕೇಳಿಸೋ ಮಾತಲ್ಲ."

ಊರೂರಿಗೆ ಎಲ್ಲರ ಮಾತನ್ನೂ ಕೇಳಿಸಿದವನು ತನಗೆ ಬೇಕಾದ ಒಂದೇ ಮಾತನ್ನು ಕೇಳಲಾರದೆ ಇಷ್ಟು ವರ್ಷ ಜಗಲಿಯ ಮೇಲೆ ಕೂತಿದ್ದ. ನಾನು ಅದನ್ನು ದುಃಖ ಎಂದುಕೊಂಡಿದ್ದೆ. ಕೊಟ್ಟ ಮಾತು ಯಾವುದೆಂದೇ ಗೊತ್ತಿಲ್ಲದೆ ಅದನ್ನು ತಪ್ಪಿದ ಭಯ ಅದು.

"ಏನೂ ಕೇಳ್ಕಳ್ಳಿಲ್ಲ ಅಪ್ಪ" ಎಂದೆ. ದನಿ ನಡುಗಿದರೆ ಅವನಿಗೆ ಸರಿಯಾಗಿ ಕೇಳಿಸದೇನೋ ಎಂದು ಬಿಗಿಹಿಡಿದು, ನಿಧಾನವಾಗಿ ಹೇಳಿದೆ. "ನೀವು ಮನೆಗೋಗಿ ಅಂದ್ಲು. ಇಲ್ಲಿ ಸೊಳ್ಳೆ ಕಡೀತವೆ, ಆ ಕುರ್ಚೀಲಿ ಕೂತು ಬೆನ್ನು ನೋವು ಮಾಡ್ಕಬ್ಯಾಡಿ, ಹೋಗಿ ಮಲ್ಕಳಿ ಅಂದ್ಲು. ಅಷ್ಟೇ."

"ಹೋಗಿ ಅಂದ್ಲಾ?"

"ಹೂಂ."

"ನಾನು ಹೋಗ್ಲೇ ಇಲ್ವಲ್ಲ."

"ನೀನು ಹೂಂ ಅಂದೆ, ಅಲ್ಲೇ ಕೂತೆ. ಅವ್ವ ನನ್ ಕಡೆ ತಿರುಗಿ, 'ಹೋಗಿ ಅಂದ್ರೂ ಹೋಗ್ಲಿಲ್ಲ ನೋಡು ನಿಮ್ಮಪ್ಪ' ಅಂದ್ಲು. ನಗ್ತಿದ್ಲು ಅಪ್ಪ. ನಿನ್ ಕೈಯ್ಯ ಕೆನ್ನೆ ಕೆಳಗೆ ಇಟ್ಕಂಡು ಹಂಗೇ ಮಲಗಿದ್ಲು."

ಅಪ್ಪ ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡುತ್ತ ಕೂತ. ರೈಲು ಬಂದು ಹೋಯಿತು, ನೆಲ ಅದುರಿತು, ನಾವಿಬ್ಬರೂ ಅಲುಗಲಿಲ್ಲ. ಫೋನು ರೆಕಾರ್ಡ್ ಮಾಡುತ್ತಿದೆಯೇ ಎಂದು ನೋಡುವ ಎಚ್ಚರವೂ ನನಗಿರಲಿಲ್ಲ.

"ಅವಳು ಹೆಂಗಂದ್ಲೋ ಹಂಗೇ ಇನ್ನೊಂದ್ಸಲ ಹೇಳು" ಎಂದ.

ನಾನು ಮೈಕಿನ ಹತ್ತಿರ ಬಾಗಿದೆ. "ನೀವು ಮನೆಗೋಗಿ. ಇಲ್ಲಿ ಸೊಳ್ಳೆ ಕಡೀತವೆ" ಎಂದೆ.

ಅಪ್ಪ ಕಣ್ಣು ಮುಚ್ಚಿಕೊಂಡು "ಹೂಂ" ಅಂದ. ಎದ್ದು ಹೋಗಲಿಲ್ಲ.